ಕೋಡ್ ಬರೆಯುವ ಕೆಲಸಕ್ಕೆ ಯಾವ ಪ್ರೊಸೆಸರ್? ಶಿರಸಿಯ ಮಳೆ, ಕಾರವಾರದ ಸೆಕೆ ಲೆಕ್ಕಕ್ಕೆ ಹಿಡಿದು ಒಂದು ಹೋಲಿಕೆ

ಕುಮಟಾದ ನಮ್ಮ ಭಾವ ಮೊನ್ನೆ ಫೋನ್ ಮಾಡಿದ್ದರು. ಮಗ ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಾನೆ, ಲ್ಯಾಪ್‌ಟಾಪ್ ಸಾಲುತ್ತಿಲ್ಲ, ಡೆಸ್ಕ್‌ಟಾಪ್ ಜೋಡಿಸಬೇಕು. "ಯಾವ ಪ್ರೊಸೆಸರ್ ತಗಳವು ಹೇಳು" ಎಂದರು. ಒಂದು ಹೆಸರು ಹೇಳಿ ಫೋನ್ ಇಡಬಹುದಿತ್ತು. ಆದರೆ ಕೆಲವು ವರ್ಷದ ಹಿಂದೆ ನನಗೂ ಒಬ್ಬರು ಹಾಗೆ ಒಂದು ಹೆಸರು ಹೇಳಿ ಕಳಿಸಿದ್ದರು. ಅದರಿಂದ ಆದ ಕಷ್ಟ ನನಗೆ ಇನ್ನೂ ನೆನಪಿದೆ.

ಆಗ ನಾನು ಬೆಂಗಳೂರು ಬಿಟ್ಟು ಶಿರಸಿ ಹತ್ತಿರದ ನಮ್ಮ ಮನೆಗೆ ಬಂದ ಹೊಸತು. ಅಂಗಡಿಯವರು "ಡೆವಲಪ್‌ಮೆಂಟ್ ಅಂದ್ರೆ ದೊಡ್ಡದೇ ಬೇಕು ಸರ್" ಅಂದರು. ದೊಡ್ಡದನ್ನೇ ತಂದೆ. ಬೇಸಿಗೆಯಲ್ಲಿ ಚೆನ್ನಾಗಿಯೇ ನಡೆಯಿತು. ಜುಲೈನಲ್ಲಿ ಗಾಳಿಮಳೆ ಹಿಡಿಯಿತು, ಲೈನಿನ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ನಾನು ಒಂದು ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್ ಬಿಲ್ಡ್ ಮಾಡುತ್ತಿದ್ದೆ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುತ್ತಿದ್ದೆ. ಯುಪಿಎಸ್ ಒಂದು ಸಲ ಕೂಗಿತು, ಮರುಕ್ಷಣವೇ ಆಫ್ ಆಯಿತು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಯುಪಿಎಸ್ ಕೆಟ್ಟಿರಲಿಲ್ಲ. ಅದರ ಮೇಲೆ 600 ವಿಎ ಎಂದು ದೊಡ್ಡದಾಗಿ ಬರೆದಿತ್ತು, ಕೆಳಗೆ ಸಣ್ಣ ಅಕ್ಷರದಲ್ಲಿ 360 ವ್ಯಾಟ್ ಅಂತ ಇತ್ತು. ಪ್ರೊಸೆಸರ್ ಒಂದೇ ಪೂರ್ತಿ ಹೊರೆಯಲ್ಲಿ 250 ವ್ಯಾಟ್ ಎಳೆಯುತ್ತಿತ್ತು. ಗ್ರಾಫಿಕ್ಸ್ ಕಾರ್ಡ್, ಮಾನಿಟರ್, ಫ್ಯಾನ್ ಎಲ್ಲ ಸೇರಿದ ಮೇಲೆ ಅದು ತಡೆಯುವುದು ಹೇಗೆ?

ಅಲ್ಲಿಂದ ನಾನು ಪ್ರೊಸೆಸರ್ ನೋಡುವ ರೀತಿಯೇ ಬದಲಾಯಿತು. ಯಾವುದು ಎಲ್ಲಕ್ಕಿಂತ ಫಾಸ್ಟ್ ಅಂತ ಈಗ ಕೇಳುವುದಿಲ್ಲ. ನನ್ನ ಕೆಲಸದಲ್ಲಿ ನಾನು ಕಾಯುವುದು ಎಲ್ಲಿ, ಆ ಕಾಯುವಿಕೆ ಕಡಿಮೆ ಮಾಡಲು ಎಷ್ಟು ವ್ಯಾಟ್ ಬೇಕು ಅಂತ ಕೇಳುತ್ತೇನೆ. ಭಾವನಿಗೂ ಇದನ್ನೇ ಹೇಳಿದೆ. ಫೋನಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಈಗಿರುವ ಲ್ಯಾಪ್‌ಟಾಪನ್ನೇ ನೋಡಿ

ಹೊಸದು ತರುವ ಮೊದಲು ಒಂದು ದಿನ ಸುಮ್ನೆ ಗಮನಿಸಿ. ಬಿಲ್ಡ್ ಶುರು ಮಾಡಿ, ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಎಚ್‌ಟಾಪ್ ತೆರೆದಿಟ್ಟುಕೊಳ್ಳಿ. ಎಲ್ಲ ಕೋರ್‌ಗಳೂ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಒಂದೊಂದು ಘಟಕ) ನೂರಕ್ಕೆ ನೂರು ತುಂಬಿ ಕೊನೆಯವರೆಗೂ ಹಾಗೇ ಇದ್ದರೆ ಜಾಸ್ತಿ ಕೋರ್ ತಂದರೆ ಲಾಭ ಇದೆ. ಒಂದೇ ಕೋರ್ ತುಂಬಿ ಉಳಿದವು ಸುಮ್ಮನೆ ಕೂತಿದ್ದರೆ ಹದಿನಾರು ಕೋರ್ ತಂದರೂ ನೀವು ಅಷ್ಟೇ ಹೊತ್ತು ಕಾಯುತ್ತೀರಿ.

ನಮ್ಮ ಕಡೆಯ ಅಡಿಕೆ ಕೊಯ್ಲು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ತೋಟದಲ್ಲಿ ಕೊನೆಗೌಡರು ಒಬ್ಬರೇ ಮರ ಹತ್ತಿ ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುತ್ತಾರೆ. ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಹತ್ತು ಜನ ಸುಲಿಯುತ್ತಾರೆ. ಸುಲಿಯುವವರನ್ನು ಇಪ್ಪತ್ತು ಮಾಡಬಹುದು. ಆದರೆ ಕೊನೆ ಇಳಿಯುವುದು ಮೊದಲಿನ ವೇಗದಲ್ಲೇ ಅಲ್ವಾ? ಪ್ರೋಗ್ರಾಮ್ ಬಿಲ್ಡ್ ಕೂಡ ಹೀಗೇ. ನೂರಾರು ಫೈಲುಗಳನ್ನು ಬೇರೆ ಬೇರೆಯಾಗಿ ಕಂಪೈಲ್ ಮಾಡುವುದು (ಯಂತ್ರದ ಭಾಷೆಗೆ ತಿರುಗಿಸುವುದು) ಸುಲಿಯುವ ಕೆಲಸ, ಎಷ್ಟು ಕೋರ್ ಕೊಟ್ಟರೂ ಹಂಚಿಕೊಳ್ಳುತ್ತದೆ. ಕೊನೆಯಲ್ಲಿ ಎಲ್ಲವನ್ನೂ ಸೇರಿಸಿ ಲಿಂಕ್ ಮಾಡುವುದು ಹಳೆಯ ಲಿಂಕರ್‌ಗಳಲ್ಲಿ ಒಂದೇ ಕೋರ್‌ನ ಕೆಲಸ.

ಲೆಕ್ಕ ಹಾಕಿ ನೋಡಿ. ಒಂದೇ ಕೋರ್‌ನಲ್ಲಿ 10 ನಿಮಿಷ ಹಿಡಿಯುವ ಬಿಲ್ಡ್, ಅದರಲ್ಲಿ ಹಂಚಲು ಬಾರದ ಭಾಗ 2 ನಿಮಿಷ ಅಂತ ಇಟ್ಟುಕೊಳ್ಳಿ. 8 ಕೋರ್ ಇದ್ದರೆ ಉಳಿದ 8 ನಿಮಿಷ ಒಂದಕ್ಕೆ ಇಳಿಯುತ್ತದೆ, ಒಟ್ಟು 3 ನಿಮಿಷ. 16 ಕೋರ್ ಇದ್ದರೆ ಎರಡೂವರೆ ನಿಮಿಷ. ಪ್ರೊಸೆಸರ್‌ಗೆ ದುಪ್ಪಟ್ಟು ದುಡ್ಡು ಕೊಟ್ಟು ಉಳಿಸಿದ್ದು ಅರ್ಧ ನಿಮಿಷ. ಲಿಂಕರ್ ಬದಲಾಯಿಸಿ, ಹಲವು ಕೋರ್ ಬಳಸುವ ಎಲ್‌ಎಲ್‌ಡಿ ಹಾಕಿಕೊಂಡರೆ ಅದಕ್ಕಿಂತ ಜಾಸ್ತಿ ಉಳಿಯಬಹುದು, ಅದೂ ಪುಕ್ಕಟೆ.

ಲಿನಕ್ಸ್ ಕರ್ನಲ್, ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್, ಹತ್ತಾರು ಕ್ರೇಟ್ (ಬೇರೆಯವರು ಬರೆದಿಟ್ಟ ಕೋಡ್ ಕಟ್ಟು) ಎಳೆದುಕೊಳ್ಳುವ ರಸ್ಟ್ ಕೋಡ್, ಆಂಡ್ರಾಯ್ಡ್ ಸಿಸ್ಟಮ್ ಪೂರ್ತಿ ಕಟ್ಟುವುದು, ಇವೆಲ್ಲ ಕೋರ್ ತಿನ್ನುವ ಕೆಲಸಗಳು. ವೆಬ್ ಕೆಲಸ ಹಾಗಲ್ಲ. ಜಾವಾಸ್ಕ್ರಿಪ್ಟ್ ಒಂದು ಥ್ರೆಡ್‌ನಲ್ಲೇ, ಅಂದರೆ ಕೆಲಸದ ಒಂದೇ ಎಳೆಯಲ್ಲಿ, ಓಡುತ್ತದೆ. ಟೈಪ್‌ಸ್ಕ್ರಿಪ್ಟ್ ಕಂಪೈಲರ್ ಕೂಡ ಹಾಗೇ ಇತ್ತು. ಅದನ್ನು ಗೋ ಭಾಷೆಗೆ ತರುತ್ತಿದ್ದೇವೆ, ಸುಮಾರು ಹತ್ತು ಪಟ್ಟು ವೇಗ ಬರುತ್ತದೆ ಎಂದು ಮೈಕ್ರೋಸಾಫ್ಟ್ 2025ರ ಮಾರ್ಚ್‌ನಲ್ಲಿ ಹೇಳಿತು. ಪೈಥಾನ್ ಬರೆಯುವವರದ್ದೂ ಹೆಚ್ಚುಕಡಿಮೆ ಒಂದು ಕೋರ್‌ನ ಕಥೆ.

ಒಂದು ಕೋರ್‌ನ ವೇಗಕ್ಕಾಗಿ ದುಬಾರಿ ಮಾಡೆಲ್ ಬೇಕಿಲ್ಲ. ಪ್ರೊಸೆಸರ್ ಮಾಡುವ ಎಎಂಡಿ ಕಂಪನಿಯ ರೈಜೆನ್ 7000 ಸಾಲನ್ನೇ ನೋಡಿ. 6 ಕೋರ್‌ನ 7600 ಗರಿಷ್ಠ 5.1 ಗಿಗಾಹರ್ಟ್ಸ್ ಮುಟ್ಟುತ್ತದೆ, 16 ಕೋರ್‌ನ 7950ಎಕ್ಸ್ 5.7. ನೂರಕ್ಕೆ ಹನ್ನೆರಡರಷ್ಟು ವ್ಯತ್ಯಾಸ. ಬ್ರೌಸರ್, ಎಡಿಟರ್, ಡೆವ್ ಸರ್ವರ್ ಇಟ್ಟುಕೊಂಡು ಕೆಲಸ ಮಾಡುವವರಿಗೆ ಇದು ಗೊತ್ತೂ ಆಗುವುದಿಲ್ಲ.

ಮೆಮೊರಿಗೆ ದುಡ್ಡು ಉಳಿಸಿಕೊಳ್ಳಿ

ಇದು ಪ್ರೊಸೆಸರ್ ಬಗೆಗಿನ ಬರಹ, ಆದರೂ ಇದನ್ನು ಹೇಳದೆ ಮುಂದೆ ಹೋಗಲಾರೆ. ಕೋರ್ ಜಾಸ್ತಿ ಆದಷ್ಟೂ ಮೆಮೊರಿ ಜಾಸ್ತಿ ಬೇಕು. ಸಿ ಪ್ಲಸ್ ಪ್ಲಸ್ ಕಂಪೈಲ್ ಆಗುವಾಗ ಒಂದೊಂದು ಥ್ರೆಡ್‌ಗೆ 2 ಜಿಬಿ ಹಿಡಿದು ಲೆಕ್ಕ ಹಾಕುವುದು ನನ್ನ ರೂಢಿ. 12 ಕೋರ್, ಕೋರ್‌ಗೆ ಎರಡರಂತೆ 24 ಥ್ರೆಡ್ ಅಂದರೆ 48 ಜಿಬಿ ಆಯಿತು. 16 ಜಿಬಿ ಹಾಕಿ 24 ಕೆಲಸ ಒಟ್ಟಿಗೆ ಬಿಟ್ಟರೆ ಯಂತ್ರ ಡಿಸ್ಕಿಗೆ ಸ್ವಾಪ್ ಮಾಡುತ್ತಾ ಕೂರುತ್ತದೆ, 6 ಕೋರ್‌ಗಿಂತ ನಿಧಾನ ಆಗುತ್ತದೆ. ಆಂಡ್ರಾಯ್ಡ್ ಸಿಸ್ಟಮ್ ಕಟ್ಟುವವರಿಗೆ ಗೂಗಲ್ ಹೇಳುವುದೇ 64 ಜಿಬಿ.

2025ರ ಕೊನೆಯಿಂದ ಮೆಮೊರಿ ಬೆಲೆ ವಿಪರೀತ ಏರಿದೆ. ಹಾಗಾಗಿ ಬಜೆಟ್ ಹಾಕುವಾಗ ಮೊದಲು ಮೆಮೊರಿಯ ದುಡ್ಡು ತೆಗೆದಿಡಿ, ಉಳಿದದ್ದರಲ್ಲಿ ಪ್ರೊಸೆಸರ್ ನೋಡಿ. ಎರಡು ಸ್ಟಿಕ್‌ನಲ್ಲೇ ಮುಗಿಸಿ. ರೈಜೆನ್ 7000ಕ್ಕೆ ಎರಡು ಸ್ಟಿಕ್ ಹಾಕಿದರೆ ಎಎಂಡಿ ಒಪ್ಪುವ ವೇಗ 5200, ನಾಲ್ಕು ಹಾಕಿದರೆ ಅದು 3600ಕ್ಕೆ ಇಳಿಯುತ್ತದೆ. "ಈಗ ಎರಡು, ಆಮೇಲೆ ಇನ್ನೆರಡು" ಎಂಬ ಹಳೇ ಲೆಕ್ಕ ಈಗಿನ ತಲೆಮಾರಿನ ಮೆಮೊರಿಯಾದ ಡಿಡಿಆರ್5ರಲ್ಲಿ ಅಷ್ಟು ಚೆನ್ನಾಗಿ ನಡೆಯುವುದಿಲ್ಲ.

ಎಎಂಡಿಯೋ ಇಂಟೆಲ್ಲೋ

ಎರಡೂ ಕಂಪನಿಯವರು ಒಳ್ಳೆಯ ಪ್ರೊಸೆಸರ್ ಮಾಡುತ್ತಾರೆ. ಅಭಿಮಾನದ ಜಗಳ ನಮಗೆ ಬೇಡ. ಆದರೆ ನಮ್ಮ ಊರಿನ ಮಟ್ಟಿಗೆ ನನ್ನ ಒಲವು ಯಾವ ಕಡೆ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಎಎಂಡಿಯ ಎಎಂ5 ಸಾಕೆಟ್ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) 2022ರಲ್ಲಿ ಬಂತು. ಅದಕ್ಕೆ ಡಿಡಿಆರ್5 ಮೆಮೊರಿಯೇ ಬೇಕು. 2027ರವರೆಗೆ ಮತ್ತು ಅದರಾಚೆಗೂ ಈ ಸಾಕೆಟ್‌ಗೆ ಪ್ರೊಸೆಸರ್ ತರುತ್ತೇವೆ ಎಂದು ಕಂಪನಿ ಹೇಳಿದೆ. ಅಂದರೆ ಇವತ್ತು 6 ಕೋರ್ ಹಾಕಿ, ನಾಲ್ಕು ವರ್ಷ ಬಿಟ್ಟು ಅದೇ ಬೋರ್ಡ್‌ಗೆ 12 ಕೋರ್ ಕೂರಿಸಬಹುದು. ಬಿಡಿಭಾಗಕ್ಕೆ ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗುವ ನಮಗೆ ಇದು ಸಣ್ಣ ಅನುಕೂಲ ಅಲ್ಲ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಹೆಸರಿನ ಕೊನೆಗೆ ಎಕ್ಸ್ ಇಲ್ಲದ ಮೂರು ಮಾಡೆಲ್. ರೈಜೆನ್ 5 7600ಕ್ಕೆ 6 ಕೋರ್, ರೈಜೆನ್ 7 7700ಕ್ಕೆ 8, ರೈಜೆನ್ 9 7900ಕ್ಕೆ 12. ಮೂರರ ಮೇಲೂ 65 ವ್ಯಾಟ್ ಎಂದು ಬರೆದಿರುತ್ತದೆ. ನಿಜವಾಗಿ ಪೂರ್ತಿ ಹೊರೆಯಲ್ಲಿ ಸಾಕೆಟ್‌ನಿಂದ ಎಳೆಯುವ ಮಿತಿ 88 ವ್ಯಾಟ್. ಹನ್ನೆರಡು ಕೋರ್ ದುಡಿಯುವಾಗಲೂ ಬರೀ 88! ಪೆಟ್ಟಿಗೆಯಲ್ಲೇ ಕೂಲರ್ ಬರುತ್ತದೆ, ಒಳಗೇ ಸಣ್ಣ ಗ್ರಾಫಿಕ್ಸ್ ಇದೆ. ಕೋಡ್ ಬರೆಯಲು, ಎರಡು ಮಾನಿಟರ್ ಹಾಕಲು ಅದು ಧಾರಾಳ ಸಾಕು. ಬೇರೆ ಗ್ರಾಫಿಕ್ಸ್ ಕಾರ್ಡಿನ ದುಡ್ಡೂ ಉಳಿಯಿತು, ಕರೆಂಟೂ ಉಳಿಯಿತು. ಹೆಸರಿನ ಕೊನೆಗೆ ಎಫ್ ಇದ್ದರೆ ಮಾತ್ರ ಈ ಗ್ರಾಫಿಕ್ಸ್ ಇರುವುದಿಲ್ಲ, ಬಿಲ್ಲಿನಲ್ಲಿ ನೋಡಿಕೊಳ್ಳಿ. ಇಂಟೆಲ್‌ನಲ್ಲೂ ಎಫ್ ಅಂದರೆ ಅದೇ ಅರ್ಥ.

2024ರ ಆಗಸ್ಟ್‌ನಲ್ಲಿ ಬಂದ 9000 ಸಾಲಿನಲ್ಲಿ 6 ಕೋರ್‌ನ 9600ಎಕ್ಸ್, 8 ಕೋರ್‌ನ 9700ಎಕ್ಸ್ ಕೂಡ 65 ವ್ಯಾಟ್‌ನವೇ. ಆದರೆ ಕೂಲರ್ ಬೇರೆ ತರಬೇಕು. ಬೆಲೆ ಹತ್ತಿರ ಇದ್ದರೆ ಇವನ್ನೇ ತೆಗೆದುಕೊಳ್ಳಿ. ಎಕ್ಸ್3ಡಿ ಎಂಬ ಮಾಡೆಲ್‌ಗಳು ಆಟಕ್ಕೆ ಹೇಳಿ ಮಾಡಿಸಿದವು. 7800ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್ (ಚಿಪ್ ಒಳಗಿನ ವೇಗದ ಮೆಮೊರಿ) ಇದೆ, ಆದರೆ ಕಂಪೈಲ್ ಮಾಡುವವರಿಗೆ ಆ ಬೆಲೆಯಲ್ಲಿ ಜಾಸ್ತಿ ಕೋರ್ ಒಳ್ಳೆಯದು.

ಇಂಟೆಲ್ ಕಡೆ ವಿಷಯ ಸ್ವಲ್ಪ ಬೇರೆ. 2021ರ 12ನೇ ತಲೆಮಾರಿನಿಂದ ಅವರು ಹಲವು ಮಾಡೆಲ್‌ಗಳಲ್ಲಿ ಎರಡು ಬಗೆಯ ಕೋರ್ ಇಡುತ್ತಾರೆ. ಪಿ ಕೋರ್ ಅಂದರೆ ಪಳಗಿದ ಕೈ, ಇ ಕೋರ್ ಅಂದರೆ ನಿಧಾನಕ್ಕೆ ಆದರೂ ಕಡಿಮೆ ಕರೆಂಟಿನಲ್ಲಿ ಸುಲಿಯುವ ಹೊಸ ಹುಡುಗರು. ಐ5-14600ಕೆಯಲ್ಲಿ 6 ಪಿ, 8 ಇ. ಐ7-14700ಕೆಯಲ್ಲಿ 8 ಪಿ, 12 ಇ, ಒಟ್ಟು 20 ಕೋರ್, 28 ಥ್ರೆಡ್. ದೊಡ್ಡ ಬಿಲ್ಡ್‌ಗೆ ಈ ಗುಂಪು ತುಂಬ ಚುರುಕು. ಆದರೆ ಬೆಲೆ ವ್ಯಾಟ್‌ನಲ್ಲಿ ತೆರಬೇಕು. 14600ಕೆಯ ಗರಿಷ್ಠ 181 ವ್ಯಾಟ್, 14700ಕೆಯದು 253.

13 ಮತ್ತು 14ನೇ ತಲೆಮಾರಿನ ಇನ್ನೊಂದು ವಿಷಯ ಗೊತ್ತಿರಲೇಬೇಕು. ಈ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿಕೊಂಡು ಕ್ರಮೇಣ ಹಾಳಾಗುತ್ತಿದ್ದವು. ಇಂಟೆಲ್ 2024ರ ಜುಲೈನಲ್ಲಿ ಇದನ್ನು ಒಪ್ಪಿಕೊಂಡಿತು, ಆಗಸ್ಟ್‌ನಿಂದ ಸರಿಪಡಿಸುವ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ತಂತ್ರಾಂಶ) ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಹೊಸದು ತಂದು, ಮೊದಲ ದಿನವೇ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಹೆದರಬೇಕಿಲ್ಲ. ಆದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಈ ಎರಡು ತಲೆಮಾರು ತರಬೇಡಿ. ಆಗಿ ಹೋದ ಹಾನಿಯನ್ನು ಅಪ್‌ಡೇಟ್ ವಾಪಸ್ ತರುವುದಿಲ್ಲ. 12ನೇ ತಲೆಮಾರಿಗೆ ಈ ತೊಂದರೆ ಇಲ್ಲ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಐ5-12400 ಇವತ್ತಿಗೂ ಒಳ್ಳೆಯ ಆಯ್ಕೆ. 6 ಕೋರ್, 12 ಥ್ರೆಡ್, ಡಿಡಿಆರ್4 ಬೋರ್ಡ್ ಕೂಡ ಸಿಗುತ್ತದೆ. ಹಳೆಯ ಡಿಡಿಆರ್4 ಸ್ಟಿಕ್ ಮನೆಯಲ್ಲಿದ್ದರೆ ಇದು ಇನ್ನೂ ಅಗ್ಗ ಬೀಳುತ್ತದೆ.

2024ರ ಅಕ್ಟೋಬರ್‌ನಲ್ಲಿ ಬಂದ ಕೋರ್ ಅಲ್ಟ್ರಾ ಸಾಲಿನ 265ಕೆ ಕರೆಂಟ್ ತಿನ್ನುವ ವಿಷಯದಲ್ಲಿ ಸುಧಾರಿಸಿದೆ. 8 ಪಿ, 12 ಇ, ಒಂದು ಕೋರ್‌ನಲ್ಲಿ ಎರಡು ಥ್ರೆಡ್ ಓಡಿಸುವ ಹೈಪರ್‌ಥ್ರೆಡಿಂಗ್ ಇಲ್ಲ, ಆದ್ದರಿಂದ ಥ್ರೆಡ್ ಕೂಡ 20. ಆದರೆ ಗರಿಷ್ಠ ಮಿತಿ ಈಗಲೂ 250 ವ್ಯಾಟ್. ಸಾಕೆಟ್ ಮಾತ್ರ ಬೇರೆ, ಹಳೇ ಬೋರ್ಡ್ ಆಗುವುದಿಲ್ಲ.

ಇಂಟೆಲ್‌ಗೆ ಸಲ್ಲಬೇಕಾದ ಒಂದು ಮಾತು ಇದೆ. ಸುಮ್ಮನೆ ಕೂತಾಗ ಇಂಟೆಲ್ ಕಡಿಮೆ ಕರೆಂಟ್ ತಿನ್ನುತ್ತದೆ. ರೈಜೆನ್ 7600, 7700, 7900ಗಳಲ್ಲಿ ಚಿಪ್ ಒಂದೇ ತುಂಡಲ್ಲ, ಎರಡು ಮೂರು ತುಂಡು ಜೋಡಿಸಿರುತ್ತಾರೆ. ಕೆಲಸ ಇಲ್ಲದಾಗಲೂ ಆ ತುಂಡುಗಳ ನಡುವಿನ ಮಾತುಕತೆಗೆ ಕರೆಂಟ್ ಹೋಗುತ್ತದೆ. ದಿನವಿಡೀ ಓದುವುದು, ಬರೆಯುವುದು, ಮೀಟಿಂಗ್, ಅಪರೂಪಕ್ಕೆ ಬಿಲ್ಡ್ ಎಂಬವರಿಗೆ 12400 ಅಥವಾ ಒಂದೇ ತುಂಡಿನ ರೈಜೆನ್ 7 8700ಜಿ ಬ್ಯಾಟರಿ ಲೆಕ್ಕದಲ್ಲಿ ಚೆನ್ನ.

ಕರೆಂಟ್ ಹೋದಾಗ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮಳೆಗಾಲದ ಕೆಲಸ ಅಂದರೆ ಇನ್ವರ್ಟರ್ ಮೇಲಿನ ಕೆಲಸ. ಆದ್ದರಿಂದ ಈ ಲೆಕ್ಕ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 150 ಎಎಚ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್. ಇನ್ವರ್ಟರ್‌ನಲ್ಲಿ ಒಂದಿಷ್ಟು ಕಳೆಯುತ್ತದೆ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಲೂಬಾರದು. ಕೈಗೆ ಸಿಗುವುದು ಸುಮಾರು 1,100 ಅಂತ ಹಿಡಿಯಿರಿ. 250 ವ್ಯಾಟ್ ಎಳೆಯುವ ಪ್ರೊಸೆಸರ್ ಇದ್ದ ಯಂತ್ರ, ಮಾನಿಟರ್ ಸೇರಿ 350 ವ್ಯಾಟ್ ತಿಂದರೆ ಬಿಡದೆ ಬಿಲ್ಡ್ ಮಾಡಿ ಮೂರು ತಾಸು. 88 ವ್ಯಾಟ್‌ನ ಪ್ರೊಸೆಸರ್ ಹಾಕಿ ಒಟ್ಟು 150ರಲ್ಲಿ ನಿಂತರೆ ಏಳು ತಾಸು. ಒಂದು ಪೂರ್ತಿ ಕೆಲಸದ ದಿನ. ಫ್ಯಾನ್, ಲೈಟು, ವೈಫೈ ಅದರಲ್ಲೇ ಪಾಲು ಕೇಳುತ್ತವೆ, ಅದು ಬೇರೆ.

ಇನ್ವರ್ಟರ್ ಹಿಂದೆ ಒಂದು ಸ್ವಿಚ್ ಇರುತ್ತದೆ, ಸಾಧಾರಣ ಮೋಡ್ ಮತ್ತು ಯುಪಿಎಸ್ ಮೋಡ್ ಅಂತ. ಅದನ್ನು ಯುಪಿಎಸ್‌ಗೆ ಹಾಕಿ. ಕರೆಂಟ್ ಹೋದ ಮೇಲೆ ಕಂಪ್ಯೂಟರ್‌ನ ಎಸ್‌ಎಂಪಿಎಸ್ (ಪವರ್ ಸಪ್ಲೈ) ತನ್ನೊಳಗಿನ ಚಾರ್ಜ್‌ನಲ್ಲಿ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್. ಸಾಧಾರಣ ಮೋಡ್‌ನಲ್ಲಿ ಬದಲಾಗಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು, ಅಷ್ಟರಲ್ಲಿ ಯಂತ್ರ ರೀಸ್ಟಾರ್ಟ್ ಆಗಿರುತ್ತದೆ. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವುದನ್ನು ಹದಗೊಳಿಸುವ ಸರ್ಕ್ಯೂಟ್) ಇರುತ್ತದೆ, ಚೌಕ ಅಲೆಯ ಇನ್ವರ್ಟರ್ ಜೊತೆ ಅವು ಕೆಲವೊಮ್ಮೆ ಹೊಂದಿಕೊಳ್ಳುವುದಿಲ್ಲ.

ಈಗಾಗಲೇ ದೊಡ್ಡ ಪ್ರೊಸೆಸರ್ ತಂದಾಗಿದೆ ಅನ್ನುವವರೂ ಬೇಸರಪಡಬೇಡಿ. ಎಎಂಡಿ ಬೋರ್ಡ್‌ನ ಬಯಾಸ್‌ನಲ್ಲಿ ಇಕೋ ಮೋಡ್ ಇದೆ, 9900ಎಕ್ಸ್‌ನಂಥದ್ದನ್ನೂ 65 ವ್ಯಾಟ್‌ಗೆ ಕಟ್ಟಿಹಾಕಬಹುದು. ಇಂಟೆಲ್ ಬೋರ್ಡ್‌ನಲ್ಲಿ ಪಿಎಲ್1, ಪಿಎಲ್2 ಎಂಬ ಎರಡು ವ್ಯಾಟ್ ಮಿತಿ ಇಳಿಸಬಹುದು. ಕೊನೆಯ ಒಂದಿಷ್ಟು ವೇಗಕ್ಕೇ ಇವು ತುಂಬ ಕರೆಂಟ್ ತಿನ್ನುವುದರಿಂದ, ವ್ಯಾಟ್ ಅರ್ಧ ಮಾಡಿದರೂ ವೇಗ ಅರ್ಧ ಆಗುವುದಿಲ್ಲ. ನನ್ನ ಹಳೇ ಯಂತ್ರವನ್ನು ಆ ಮಳೆಗಾಲ ದಾಟಿಸಿದ್ದು ಹೀಗೆಯೇ.

ಕರಾವಳಿಯ ಸೆಕೆ, ಉಪ್ಪುಗಾಳಿ

ಕಾರವಾರ, ಅಂಕೋಲಾ, ಹೊನ್ನಾವರದವರಿಗೆ ಇನ್ನೊಂದು ಮಾತು. ಯೂಟ್ಯೂಬಿನಲ್ಲಿ ತೋರಿಸುವ ತಾಪಮಾನ ಎಲ್ಲ ಏಸಿ ಕೋಣೆಯದ್ದು. ಅಲ್ಲಿ 22 ಡಿಗ್ರಿ ಇದ್ದರೆ ಮೇ ತಿಂಗಳ ಕಾರವಾರದಲ್ಲಿ 33, 34. ಆ ಹನ್ನೊಂದು ಹನ್ನೆರಡು ಡಿಗ್ರಿ ಹಾಗೇ ಪ್ರೊಸೆಸರ್ ಮೇಲೆ ಕೂಡುತ್ತದೆ. 7950ಎಕ್ಸ್‌ನಂಥ ದೊಡ್ಡ ರೈಜೆನ್ 95 ಡಿಗ್ರಿವರೆಗೆ ಹೋಗುವುದು ಕಂಪನಿಯ ಲೆಕ್ಕದಲ್ಲೇ ಇದೆ, ಹಾಳಾಗುವುದಿಲ್ಲ. ಆದರೆ ಅದು ಉಗುಳುವ ಬಿಸಿ ನಿಮ್ಮ ಕೋಣೆಗೇ ಬರುವುದು, ಫ್ಯಾನ್ ಸದ್ದು ನಿಮ್ಮ ಕಿವಿಗೇ. 88 ವ್ಯಾಟ್‌ನ ಪ್ರೊಸೆಸರ್‌ಗೆ ಪೆಟ್ಟಿಗೆಯ ಕೂಲರೇ ಸಾಕು.

ಉಪ್ಪುಗಾಳಿಗೆ ಲೋಹ ಬೇಗ ತುಕ್ಕು ಹಿಡಿಯುತ್ತದೆ. ಕಿಟಕಿ ಪಕ್ಕ ಇಡಬೇಡಿ. ಲಿಕ್ವಿಡ್ ಕೂಲರ್ ಬೇಡ, ಪಂಪ್ ಕೆಟ್ಟರೆ ಇಲ್ಲಿ ನೋಡುವವರು ಸಿಗುವುದು ಕಷ್ಟ. ಏರ್ ಕೂಲರ್ ಆದರೆ ಫ್ಯಾನ್ ಒಂದು ಬದಲಾಯಿಸಿದರೆ ಮುಗಿಯಿತು.

ಹಾಗಾದರೆ ಯಾರಿಗೆ ಯಾವುದು

ಕಾರವಾರದಲ್ಲಿ ಗೆಳೆಯನ ಮಗಳು ವೆಬ್ ಕೆಲಸ ಮಾಡುತ್ತಾಳೆ. ರಿಯಾಕ್ಟ್, ನೋಡ್, ಒಂದೆರಡು ಡಾಕರ್ ಕಂಟೇನರ್. ಅವಳಿಗೆ 7600 ಮತ್ತು 32 ಜಿಬಿ ಹೇಳಿದೆ. ದುಡ್ಡು ಇನ್ನೂ ಬಿಗಿ ಆಗಿದ್ದರೆ 12400 ಹೇಳುತ್ತಿದ್ದೆ.

ಭಾವನ ಮಗ ಆಂಡ್ರಾಯ್ಡ್ ಆಪ್ ಬರೆಯುತ್ತಾನೆ. ಆಂಡ್ರಾಯ್ಡ್ ಸ್ಟುಡಿಯೋ ತೆರೆದಿರಬೇಕು, ಬಿಲ್ಡ್ ಮಾಡುವ ಗ್ರೇಡಲ್ ಓಡಬೇಕು, ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್) ಪಕ್ಕದಲ್ಲೇ ಇರಬೇಕು, ಜೊತೆಗೆ ಮೀಟಿಂಗ್. ಇಲ್ಲಿ 6 ಕೋರ್ ಸ್ವಲ್ಪ ಬಿಗಿ ಆಗುತ್ತದೆ. 8 ಕೋರ್‌ನ 7700, ಜೊತೆಗೆ 32 ಜಿಬಿ, ಸಾಧ್ಯವಾದರೆ 64. ಹೆಚ್ಚಿನ ಡೆವಲಪರ್‌ಗಳಿಗೆ ನಾನು ಹೇಳುವುದು ಇದನ್ನೇ. ಎಮ್ಯುಲೇಟರ್ ನಿಧಾನ ಅಂತ ದೂರುವ ಮೊದಲು ಬಯಾಸ್‌ನಲ್ಲಿ ವರ್ಚುವಲೈಸೇಶನ್ (ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ) ಆನ್ ಇದೆಯೇ ನೋಡಬೇಕು. ಎಎಂಡಿ ಬೋರ್ಡ್‌ನಲ್ಲಿ ಅದರ ಹೆಸರು ಎಸ್‌ವಿಎಂ, ಇಂಟೆಲ್‌ನಲ್ಲಿ ವಿಟಿ-ಎಕ್ಸ್.

ನನ್ನದು ದಿನಕ್ಕೆ ಹತ್ತು ಸಲ ದೊಡ್ಡ ಸಿ ಪ್ಲಸ್ ಪ್ಲಸ್ ಬಿಲ್ಡ್. ಈಗ 7900 ಮತ್ತು 64 ಜಿಬಿ ಇದೆ. 16 ಕೋರ್‌ನ 9950ಎಕ್ಸ್ ಇದಕ್ಕಿಂತ ಖಂಡಿತ ಬೇಗ ಮುಗಿಸುತ್ತದೆ, ಆದರೆ ಅದರ ಮಿತಿ 200 ವ್ಯಾಟ್. ಕರೆಂಟ್ ಹೋಗದ ಕಡೆ, ಕಂಪನಿ ದುಡ್ಡಿನಲ್ಲಿ ತರುವವರಾದರೆ ತನ್ನಿ. ಬೆಟ್ಟದ ಪಕ್ಕದ ಮನೆಯಲ್ಲಿ ಕೂತ ನನಗೆ 88 ವ್ಯಾಟ್‌ನಲ್ಲಿ 12 ಕೋರ್ ಸಿಗುವುದೇ ದೊಡ್ಡದು. ಹೋದ ಮಳೆಗಾಲ ಒಂದು ಬಿಲ್ಡ್ ಕೂಡ ಅರ್ಧಕ್ಕೆ ನಿಲ್ಲಲಿಲ್ಲ.

ಆರ್ಡರ್ ಮಾಡುವ ಮೊದಲು ಬೋರ್ಡ್ ನೋಡಿ. ಎಎಂ5 ಸಾಕೆಟ್‌ನ ಬಿ650 ಬೋರ್ಡ್‌ಗಳು 2022ರಲ್ಲೇ ಬಂದವು. ಅಂಗಡಿಯಲ್ಲಿ ಹಳೇ ಸ್ಟಾಕ್ ಇದ್ದರೆ ಅದರ ಬಯಾಸ್‌ಗೆ 9000 ಸಾಲಿನ ಪ್ರೊಸೆಸರ್ ಗುರುತು ಸಿಗುವುದಿಲ್ಲ, ಯಂತ್ರ ಆನ್ ಆದರೂ ಪರದೆ ಕಪ್ಪಗೇ ಇರುತ್ತದೆ. ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ತನ್ನಿ. ಪ್ರೊಸೆಸರ್ ಇಲ್ಲದೆಯೂ ಪೆನ್ ಡ್ರೈವ್‌ನಿಂದ ಅಪ್‌ಡೇಟ್ ಮಾಡಬಹುದು. ಪಾರ್ಸೆಲ್ ಬಂದ ಕೂಡಲೇ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಪಿನ್‌ಗಳನ್ನು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ. ಎಎಂ5 ಮತ್ತು ಈಗಿನ ಇಂಟೆಲ್ ಎರಡರಲ್ಲೂ ಪಿನ್ ಇರುವುದು ಬೋರ್ಡಿನಲ್ಲಿ, ಪ್ರೊಸೆಸರ್‌ನಲ್ಲಿ ಅಲ್ಲ. ಒಂದು ಬಾಗಿದ್ದರೂ ಅದೇ ದಿನ ಅಂಗಡಿಗೆ ಫೋನ್ ಮಾಡಿ.